ಅತ್ತು ಮುಗಿದ ಮೇಲೆ ಕಾಣುವುದೇನು?

(ಸಂಘದ ಮಾಸಿಕ ಕೂಟದಲ್ಲಿ ಸಂಘಟಕರೊಬ್ಬರು ಮಾಡಿದ ಭಾಷಣ)



ಸಿನೇಮಾದ ವಿಷಯ ಮಾತಾಡಲು ನಮಗೇನು ಅಧಿಕಾರ ಎಂದು ಯಾರಾದರೂ ಕೇಳಬಹುದು. ನಾವು ಮಿಡ್ಲ್ ಸ್ಕೂಲಿನ ಮೆಟ್ಟಿಲು ಇಳಿದವರೇ ನೇರವಾಗಿ ಹೋಟೆಲಿನ ಮೋರಿಯ ಬಳಿಗೆ ಬಂದು ನಿಂತವರು. ಲೋಟ ತೊಳೆದು, ಮೇಜು ಒರೆಸಿ, ಆಮೇಲೆ ಸಂಘದ ರಸೀದಿ ಪುಸ್ತಕ ಹಿಡಿದವರು. ಆದರೆ ಟಿಕೇಟಿಗೆ ಹಣ ಕೊಡುವವರು ನಾವೇ ತಾನೆ? ಹಣ ಕೊಟ್ಟು ತಂದ ಅಕ್ಕಿಯಲ್ಲಿ ಕಲ್ಲು ಉಂಟೇ ಎಂದು ನೋಡುವ ಅಧಿಕಾರ ನಮಗಿದ್ದರೆ ಈ ಅಧಿಕಾರವೂ ಉಂಟು.

ಕಳೆದ ಕೆಲವು ಸೋಮವಾರಗಳಂದು, ರಾತ್ರಿ ಹೋಟೆಲು ಮುಚ್ಚಿದ ಮೇಲೆ, ನಾವು ಏಳೆಂಟು ಮಂದಿ ಸಂಘದ ಕೋಣೆಯಲ್ಲಿ ಕೂಡಿ ಕೆಲವು ಚಿತ್ರಗಳನ್ನು ನೋಡಿದೆವು. ಜರ್ಮನಿಯದು ಒಂದು, ಫ್ರಾನ್ಸಿನದು ಒಂದು, ಡೆನ್ಮಾರ್ಕಿನ ನಿರ್ದೇಶಕನದು ಒಂದು, ನಮ್ಮ ಕಲ್ಕತ್ತೆಯದು ಒಂದು. ಭಾಷೆ ತಿಳಿಯದು, ಪರದೆಯ ಕೆಳಗೆ ಬರುವ ಇಂಗ್ಲಿಷ್ ಅಕ್ಷರಗಳನ್ನು ನಮ್ಮಲ್ಲೊಬ್ಬರು ಓದಿ ಕನ್ನಡದಲ್ಲಿ ಹೇಳಬೇಕು. ಅವರು ಹೇಳಿ ಮುಗಿಸುವಷ್ಟರಲ್ಲಿ ಪರದೆಯ ಮೇಲೆ ಅಳುವವಳು ಅತ್ತು ಮುಗಿಸಿ ಎದ್ದು ಹೋಗಿರುತ್ತಿದ್ದಳು! ಮೊದಲು ನಗು ಬಂತು. ಅನಂತರ, ಇಂದು ನಾವು ಹೇಳಹೊರಟ ವಿಷಯವೇ ಇದಲ್ಲವೇ ಎನ್ನಿಸಿತು. ಕಥೆಗೂ ನಮಗೂ ನಡುವೆ ಒಬ್ಬ ಮನುಷ್ಯ ಬಂದು ನಿಂತರೆ, ನಾವು ಕಥೆಯೊಳಗೆ ಬಿದ್ದು ಮುಳುಗುವುದಿಲ್ಲ. ದಡದಲ್ಲಿ ನಿಂತು ನೋಡುತ್ತೇವೆ.

ಸಾಮಾನ್ಯ ಚಿತ್ರದಲ್ಲಿ ಏನಾಗುತ್ತದೆ? ದೀಪ ಆರುತ್ತದೆ. ಪಿಟೀಲು ಏಳುತ್ತದೆ. ನಾಯಕನ ಮುಖ ಗೋಡೆಯಷ್ಟು ದೊಡ್ಡದಾಗುತ್ತದೆ. ಐದು ನಿಮಿಷದಲ್ಲಿ ನಾವು ನಾವಲ್ಲ, ಅವನಾಗಿಬಿಡುತ್ತೇವೆ. ಅವನಿಗೆ ಪೆಟ್ಟು ಬಿದ್ದರೆ ನಮಗೆ ನೋವು, ಅವನು ಗೆದ್ದರೆ ನಮಗೆ ಬಡತಿ ಸಿಕ್ಕಷ್ಟು ಸಂತೋಷ. ಇದರಲ್ಲಿ ತಪ್ಪೇನಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇವೆ. ಹದಿನಾಲ್ಕು ತಾಸು ನಿಂತವನಿಗೆ ಎರಡೂವರೆ ತಾಸು ಕುರ್ಚಿಯೂ ಕತ್ತಲೆಯೂ ಸಿಗುವುದೇ ದೊಡ್ಡ ಮಾತು. ಆದರೆ ಜರ್ಮನಿಯ ಬ್ರೆಖ್ಟ್ ಎಂಬ ನಾಟಕಕಾರ, 1898ರಲ್ಲಿ ಹುಟ್ಟಿ 1956ರಲ್ಲಿ ತೀರಿಕೊಂಡವನು, ಒಂದು ಪ್ರಶ್ನೆ ಎತ್ತಿದ. ಹೀಗೆ ಇನ್ನೊಬ್ಬನೊಳಗೆ ಕರಗಿಹೋದ ಮನುಷ್ಯ, ‘ಇದು ಹೀಗೇಕೆ ಆಯಿತು, ಬೇರೆ ರೀತಿ ಆಗಬಹುದಿತ್ತಲ್ಲ’ ಎಂದು ಯಾವಾಗ ಕೇಳಿಯಾನು? ಆದ್ದರಿಂದ ಪ್ರೇಕ್ಷಕನನ್ನು ಒಂದು ಹೆಜ್ಜೆ ದೂರ ನಿಲ್ಲಿಸಬೇಕು. ದಿನಾ ಕಂಡು ರೂಢಿಯಾದುದನ್ನು ಹೊಸದಾಗಿ, ವಿಚಿತ್ರವಾಗಿ ಕಾಣುವಂತೆ ಮಾಡಬೇಕು ಎಂದ. ನಟ ಪಾತ್ರವೇ ಆಗಿಬಿಡದೆ ಪಾತ್ರವನ್ನು ತೋರಿಸಬೇಕು. ನಡುವೆ ಹಾಡು ಬಂದು ಕಥೆಯನ್ನು ಕಡಿಯಬೇಕು. ಮುಂದೇನಾಗುತ್ತದೆಂದು ಫಲಕದಲ್ಲಿ ಮೊದಲೇ ಬರೆದು ತೋರಿಸಬೇಕು. ದೀಪದ ಬುಡ್ಡಿಗಳನ್ನು ಬಚ್ಚಿಡಬಾರದು. ಬಾಕ್ಸಿಂಗ್ ನೋಡುವವರು ಸಿಗರೇಟು ಸೇದುತ್ತಾ ‘ಅವನ ಎಡಗೈ ಸಾಲದು’ ಎಂದು ವಿಮರ್ಶೆ ಮಾಡುತ್ತಾರಲ್ಲ, ನಾಟಕಕ್ಕೂ ಅಂಥ ಪ್ರೇಕ್ಷಕರು ಬೇಕೆಂಬುದು ಅವನ ಆಸೆ.

ಇದನ್ನು ಕೇಳಿದ ಕೂಡಲೇ ನಮ್ಮ ಕುಂದಾಪುರದ ಮಿತ್ರರು, “ಇದು ನಮ್ಮ ಆಟದಲ್ಲಿ ಇದ್ದದ್ದೇ ಅಲ್ಲವೇ?” ಎಂದರು. ನಿಜ, ಬಹಳಷ್ಟು ಉಂಟು. ವೇಷ ಬಂದು ನಿಂತರೆ ಭಾಗವತರು ಯಾರು, ಎತ್ತ ಎಂದು ವಿಚಾರಿಸುತ್ತಾರೆ. ಹಾಸ್ಯಗಾರ ದ್ವಾಪರದಲ್ಲಿ ನಿಂತು ಇವತ್ತಿನ ಬಸ್ಸಿನ ಟಿಕೇಟಿನ ಮಾತಾಡುತ್ತಾನೆ. ತಾಳಮದ್ದಳೆಯಲ್ಲಿ ವೇಷವೂ ಇಲ್ಲ, ಕುಣಿತವೂ ಇಲ್ಲ. ಪಂಚೆ ಶಾಲಿನಲ್ಲಿ ಕುಳಿತ ಇಬ್ಬರು ವಾಲಿ ಮತ್ತು ರಾಮರಾಗಿ ವಾದಿಸುತ್ತಾರೆ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಸರಿಯೇ ಎಂದು ವಾಲಿ ಕೇಳುವಾಗ ನಾವು ಅಳುವುದಷ್ಟೇ ಅಲ್ಲ, ತೂಕ ಹಾಕುತ್ತೇವೆ. ಮರುದಿನ ಅಡಿಗೆಮನೆಯಲ್ಲಿ ಆ ಚರ್ಚೆ ಮುಂದುವರಿಯುತ್ತದೆ. ಬ್ರೆಖ್ಟನೂ ತನ್ನ ವಿಚಾರಕ್ಕೆ ಬಲ ಪಡೆದದ್ದು ಪೂರ್ವದೇಶದಿಂದಲೇ. 1935ರಲ್ಲಿ ಮಾಸ್ಕೋ ನಗರದಲ್ಲಿ ಮೇಯ್ ಲಾನ್‌ಫಾಂಗ್ ಎಂಬ ಚೀನಾದ ನಟ, ಸ್ತ್ರೀವೇಷಕ್ಕೆ ಹೆಸರಾದವನು, ಅಭಿನಯಿಸಿದ್ದನ್ನು ಕಂಡು ಬೆರಗಾಗಿ ಅವನು ಲೇಖನ ಬರೆದ. ಆದರೆ ಎರಡೂ ಒಂದೇ ಎಂದು ಹೆಮ್ಮೆಪಟ್ಟು ಕುಳಿತುಕೊಳ್ಳುವುದು ಬೇಡ. ಆಟದಲ್ಲಿ ಕೊನೆಗೆ ಮಂಗಳ ಹಾಡಿ ಎಲ್ಲವನ್ನೂ ಸರಿಮಾಡುತ್ತೇವೆ. ಬ್ರೆಖ್ಟನಿಗೆ ಮಂಗಳ ಹಾಡಿಸುವ ಮನಸ್ಸಿರಲಿಲ್ಲ.

ಅವನೇ ಕೊಟ್ಟ ಒಂದು ಉದಾಹರಣೆ ನಮಗೆ ಹೆಚ್ಚು ಹತ್ತಿರದ್ದು. ಬೀದಿಯಲ್ಲಿ ಒಂದು ಅಪಘಾತ. ಕಂಡವನೊಬ್ಬ ಕಾಣದವರಿಗೆ ಹೇಳುತ್ತಿದ್ದಾನೆ: ಡ್ರೈವರ್ ಹೀಗೆ ತಿರುಗಿಸಿದ, ಮುದುಕ ಹೀಗೆ ಹೆಜ್ಜೆ ಇಟ್ಟ. ಅವನು ಡ್ರೈವರ್ ಆಗಿಬಿಡುವುದಿಲ್ಲ. ಬೇಕಾದಷ್ಟು ಮಾತ್ರ ಮಾಡಿ ತೋರಿಸುತ್ತಾನೆ, ಏಕೆಂದರೆ ತಪ್ಪು ಯಾರದು ಎಂಬುದು ಅಲ್ಲಿ ತೀರ್ಮಾನವಾಗಬೇಕು. ಅಡಿಗೆಮನೆಯಲ್ಲಿ ಎಣ್ಣೆ ಬಾಣಲೆ ಮಗುಚಿದರೆ ವಿಚಾರಣೆಗೆ ಬಂದ ಅಧಿಕಾರಿಯ ಮುಂದೆ ನಾವು ಮಾಡುವುದೂ ಇದನ್ನೇ. ಅಲ್ಲಿ ನಾವು ಬರೇ ಗೋಳಾಡಿದರೆ, “ಪಾಪ, ದೈವೇಚ್ಛೆ” ಎಂದು ಬರೆದುಕೊಂಡು ಹೋಗುತ್ತಾರೆ. ನೆಲ ಎಲ್ಲಿ ಜಾರುತ್ತಿತ್ತು, ಬಾಣಲೆ ಎತ್ತಲು ಎಷ್ಟು ಮಂದಿ ಬೇಕಿತ್ತು, ಇದ್ದವರು ಎಷ್ಟು ಎಂದು ತೋರಿಸಿದರೆ ಪರಿಹಾರದ ಮಾತು ಬರುತ್ತದೆ.

ಈಗ ಚಿತ್ರಗಳಿಗೆ ಬರೋಣ. ಮೊದಲನೆಯದು ‘ಕೂಲೆ ವಾಂಪೆ’, 1932ರ ಜರ್ಮನ್ ಚಿತ್ರ, ಒಂದೂಕಾಲು ತಾಸಿನದು. ‘ಜಗತ್ತು ಯಾರದು?’ ಎಂಬುದು ಅದರ ಇನ್ನೊಂದು ಹೆಸರು. ಕೂಲೆ ವಾಂಪೆ ಎಂಬುದು ಬರ್ಲಿನ್ನಿನ ಅಂಚಿನಲ್ಲಿ ಕೆರೆಯ ದಡದಲ್ಲಿದ್ದ ಡೇರೆಗಳ ವಸತಿ. ಬ್ರೆಖ್ಟ್ ಮತ್ತು ಓಟ್ವಾಲ್ಟ್ ಬರೆದರು, ಬಲ್ಗೇರಿಯಾದಿಂದ ಬಂದ ಡುಡೋವ್ ನಿರ್ದೇಶಿಸಿದ, ಹಾನ್ಸ್ ಐಸ್ಲರ್ ಸಂಗೀತ ಕೊಟ್ಟ. ಆ ವರ್ಷ ಜರ್ಮನಿಯಲ್ಲಿ ಸುಮಾರು 60 ಲಕ್ಷ ಮಂದಿ ಕೆಲಸವಿಲ್ಲದೆ ಇದ್ದರು.

ಚಿತ್ರದ ಆರಂಭದಲ್ಲಿ ಯುವಕರ ಗುಂಪು ಪತ್ರಿಕೆಯಲ್ಲಿ ಕೆಲಸದ ಜಾಹೀರಾತು ನೋಡಿ ಸೈಕಲ್ ಏರಿ ಓಡುತ್ತದೆ. ಒಂದು ಕಾರಖಾನೆಯ ಬಾಗಿಲು, ಇಲ್ಲ. ಇನ್ನೊಂದು, ಇಲ್ಲ. ಚಕ್ರಗಳು ಮಾತ್ರ ತಿರುಗುತ್ತವೆ. ಇಂಥ ಕಡೆ ನಮ್ಮವರಾದರೆ ಶಹನಾಯಿ ಇಟ್ಟು ಅಳಿಸುತ್ತಿದ್ದರು. ಐಸ್ಲರ್ ಇಟ್ಟದ್ದು ಚುರುಕಾದ, ಮೊನಚಾದ, ಸಿಟ್ಟಿನ ಸಂಗೀತ. ಚಿತ್ರ ದುಃಖದ್ದು, ಸಂಗೀತ ಎದ್ದು ನಿಲ್ಲುವಂಥದು. ಎರಡೂ ಒಂದಕ್ಕೊಂದು ಉಜ್ಜುತ್ತವೆ. ಕಣ್ಣೀರು ಬರಬೇಕಾದ ಜಾಗದಲ್ಲಿ ಮುಷ್ಟಿ ಬಿಗಿಯುತ್ತದೆ.

ಆ ಹುಡುಗರಲ್ಲೊಬ್ಬ ಮನೆಗೆ ಬರುತ್ತಾನೆ. ಊಟದ ಮೇಜಿನ ಬಳಿ ಅಪ್ಪನ ಬೈಗಳು. ಅವನು ಏನೂ ಹೇಳುವುದಿಲ್ಲ. ಎಲ್ಲರೂ ಎದ್ದು ಹೋದ ಮೇಲೆ ಕೈಗಡಿಯಾರ ಬಿಚ್ಚಿ ಜೋಪಾನವಾಗಿ ಇಟ್ಟು, ಕಿಟಕಿಯಿಂದ ಹಾರಿಬಿಡುತ್ತಾನೆ. ಅಷ್ಟೇ. ಸಂಗೀತವಿಲ್ಲ, ಕಣ್ಣೀರಿನ ದೊಡ್ಡ ಮುಖವಿಲ್ಲ. ಗಡಿಯಾರಕ್ಕೆ ಬೆಲೆ ಉಂಟು, ಒಡೆಯಬಾರದು. ಹುಡುಗನಿಗೆ ಬೆಲೆ ಇಲ್ಲ. ಈ ಭಾಗದ ಶೀರ್ಷಿಕೆಯೇ ‘ಒಬ್ಬ ನಿರುದ್ಯೋಗಿ ಕಡಿಮೆ’ ಎಂದು. ನಮ್ಮ ಕೋಣೆಯಲ್ಲಿ ಆಗ ಯಾರೂ ಅಳಲಿಲ್ಲ. ಆದರೆ ಆ ಗಡಿಯಾರದ ವಿಷಯ ಇವತ್ತಿಗೂ ಬಿಟ್ಟಿಲ್ಲ.

ಈ ಚಿತ್ರವನ್ನು 1932ರ ಮಾರ್ಚಿನಲ್ಲಿ ಸೆನ್ಸಾರಿನವರು ನಿಷೇಧಿಸಿದರು. ಆಮೇಲೆ ಕತ್ತರಿ ಹಾಕಿಸಿಕೊಂಡು ಮೇ ತಿಂಗಳಲ್ಲಿ ಬರ್ಲಿನ್ನಿನಲ್ಲಿ ತೆರೆ ಕಂಡಿತು. 1933ರಲ್ಲಿ ಹಿಟ್ಲರನ ಸರಕಾರ ಬಂದಾಗ ಮತ್ತೆ ನಿಷೇಧ. ಬ್ರೆಖ್ಟ್ ಬರೆದಿಟ್ಟ ಒಂದು ಸಂಗತಿ ಸ್ವಾರಸ್ಯವಾಗಿದೆ. ಸೆನ್ಸಾರ್ ಅಧಿಕಾರಿಯ ತಕರಾರು ಏನೆಂದರೆ, ಸಾಯುವ ಹುಡುಗನ ಸ್ವಂತ ದುಃಖ, ಸ್ವಭಾವ, ವಿಧಿ ಯಾವುದೂ ಚಿತ್ರದಲ್ಲಿಲ್ಲ. ಸೌತೆಕಾಯಿ ಹೇಗೆ ಸಿಪ್ಪೆ ತೆಗೆಯುವುದೆಂದು ತೋರಿಸುವವನಂತೆ ನಟ ಸಾವನ್ನು ತೋರಿಸುತ್ತಾನೆ. ಇದರಿಂದ ಇದು ಒಬ್ಬನ ಕಥೆಯಾಗದೆ ಒಂದು ಇಡೀ ವರ್ಗದ ಕಥೆಯಾಗುತ್ತದೆ. ನಮ್ಮ ಚಿತ್ರವನ್ನು ಸರಿಯಾಗಿ ಅರ್ಥಮಾಡಿಕೊಂಡವನು ಆ ಅಧಿಕಾರಿಯೇ ಎಂದು ಬ್ರೆಖ್ಟ್ ತಲೆದೂಗಿದ! ಒಬ್ಬ ಹುಡುಗನ ದುರದೃಷ್ಟಕ್ಕೆ ನಾವು ಎಷ್ಟು ಅತ್ತರೂ ಸರಕಾರಕ್ಕೆ ತೊಂದರೆಯಿಲ್ಲ. ಹುಡುಗರೆಲ್ಲ ಹೀಗೇಕೆ ಸಾಯುತ್ತಾರೆ ಎಂದು ಲೆಕ್ಕ ಕೇಳಿದರೆ ತೊಂದರೆ.

ಮತ್ತೊಂದು ದೃಶ್ಯ. ಅಪ್ಪ ಪತ್ರಿಕೆಯಲ್ಲಿ ಮಾತಾ ಹರಿ ಎಂಬ ಗೂಢಚಾರಿಣಿ ನರ್ತಕಿಯ ಬಣ್ಣದ ಕಥೆಯನ್ನು ತಡವರಿಸುತ್ತಾ, ರಸ ಹೀರುತ್ತಾ, ಗಟ್ಟಿಯಾಗಿ ಓದುತ್ತಾನೆ. ಅದೇ ಹೊತ್ತಿಗೆ ತಾಯಿ ಮನೆಖರ್ಚಿನ ಲೆಕ್ಕ ಬರೆಯುತ್ತಿದ್ದಾಳೆ. ಕಿವಿಯಲ್ಲಿ ನರ್ತಕಿಯ ಮೈಸಿರಿ, ಕಣ್ಣ ಮುಂದೆ ಆಹಾರದ ಬೆಲೆಗಳು. ಯಾರೂ ಉಪದೇಶ ಮಾಡುವುದಿಲ್ಲ. ನಾವು ನಕ್ಕೆವು, ನಕ್ಕ ಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಊರಿನಿಂದ ಮನೆಯವರು ಫೋನಿನಲ್ಲಿ ರೇಷನ್ನಿನ ಲೆಕ್ಕ ಹೇಳುವಾಗ ಬೆರಳಿನಿಂದ ರೀಲು ಸರಿಸುತ್ತಾ ‘ಹ್ಞಾಂ, ಹ್ಞಾಂ’ ಎನ್ನುವವರು ನಮ್ಮಲ್ಲಿ ಕಡಿಮೆಯೇ?

ಕೊನೆಯ ಭಾಗದಲ್ಲಿ, ಕಾರ್ಮಿಕರ ಕ್ರೀಡಾಕೂಟ ಮುಗಿಸಿ ಬರುವವರು ರೈಲಿನಲ್ಲಿ ಕೂಡಿದ್ದಾರೆ. ಒಬ್ಬ ಪತ್ರಿಕೆ ಓದಿ ಹೇಳುತ್ತಾನೆ: ಬ್ರೆಜಿಲಿನಲ್ಲಿ ಲಕ್ಷಗಟ್ಟಲೆ ಪೌಂಡು ಕಾಫಿ ಸುಟ್ಟುಹಾಕಿದರಂತೆ. ಡಬ್ಬಿಯಲ್ಲಿ ಜಗಳ ಹತ್ತಿಕೊಳ್ಳುತ್ತದೆ. ಯಾಕೆ ಸುಟ್ಟರು? ಬೆಲೆ ಏರಲಿ ಎಂದು. ಹಾಗಾದರೆ ನಾವು ಕಾಫಿಗೆ ಇಷ್ಟು ಕೊಡುವುದು ಏಕೆ? ಇದು ಕಟ್ಟುಕಥೆಯಲ್ಲ. 1931ರಿಂದ 1944ರ ವರೆಗೆ ಬ್ರೆಜಿಲ್ ಸುಮಾರು 7 ಕೋಟಿ 80 ಲಕ್ಷ ಚೀಲ ಕಾಫಿಯನ್ನು ನಾಶಮಾಡಿತು. ಚೀಲವೊಂದಕ್ಕೆ 60 ಕಿಲೋ. ದಿನಕ್ಕೆ ನೂರಾರು ಲೋಟ ಕಾಫಿ ಸುರಿಯುವ ನಾವು ಆ ರೈಲಿನ ಮಾತನ್ನು ಹೇಗೆ ಕೇಳಿದೆವೆಂದು ಬೇರೆ ಹೇಳಬೇಕೇ? ಚಿತ್ರದ ನಾಯಕ ನಾಯಕಿ ಆ ಹೊತ್ತಿಗೆ ಗುಂಪಿನಲ್ಲಿ ಎಲ್ಲೋ ಇದ್ದರು. ಅವರ ಮದುವೆಯಾಯಿತೇ ಎಂದು ನಮ್ಮಲ್ಲಿ ಒಬ್ಬರೂ ವಿಚಾರಿಸಲಿಲ್ಲ. ಕಾಫಿ ಸುಟ್ಟ ವಿಷಯವನ್ನು ಮಾತ್ರ ರಾತ್ರಿ ಎರಡು ಗಂಟೆಯ ತನಕ ಮಾತಾಡಿದೆವು.

ಫ್ರಾನ್ಸಿನ ಚಿತ್ರ ‘ತೂ ವಾ ಬ್ಯಾಂ’, 1972ರದು, ಗೊದಾರ್ ಮತ್ತು ಗೊರೆನ್ ಮಾಡಿದ್ದು. ಮಾಂಸದ ಕಾರಖಾನೆಯಲ್ಲಿ ಮುಷ್ಕರ, ಮ್ಯಾನೇಜರನನ್ನು ಅವನ ಕೋಣೆಯಲ್ಲೇ ಕೂಡಿಹಾಕಿದ್ದಾರೆ. ಚಿತ್ರ ಸುರುವಾಗುವುದೇ ಚೆಕ್ಕು ಬರೆದು ಬರೆದು ಹರಿಯುವುದರಿಂದ: ನಟರಿಗೆ ಇಷ್ಟು, ಸಂಗೀತಕ್ಕೆ ಇಷ್ಟು. ಹೆಸರಾದ ತಾರೆಗಳಿಲ್ಲದೆ ಹಣ ಹುಟ್ಟದು ಎಂದು ಅಲ್ಲೇ ಒಪ್ಪಿಕೊಂಡು ಈವ್ ಮೊಂತಾಂ, ಜೇನ್ ಫೋಂಡಾ ಇಬ್ಬರನ್ನು ತರುತ್ತಾರೆ. ಕಾರಖಾನೆಯನ್ನು ಮುಂದಿನ ಗೋಡೆ ತೆಗೆದ ಗೊಂಬೆಮನೆಯಂತೆ ಕಟ್ಟಿದ್ದಾರೆ. ಕ್ಯಾಮರಾ ಒಂದು ಕೋಣೆಯಿಂದ ಇನ್ನೊಂದಕ್ಕೆ ಸರಿದಾಗ ಮೇಲಿನವರು, ಕೆಳಗಿನವರು ಏಕಕಾಲಕ್ಕೆ ಕಾಣುತ್ತಾರೆ. ಮ್ಯಾನೇಜರನಿಗೆ ಮೂತ್ರಕ್ಕೆ ಅವಸರವಾಗುವುದು, ನಮಗೆ ಕೊಡುವಷ್ಟೇ ನಿಮಿಷ ಅವನಿಗೂ ಎಂದು ಕೆಲಸಗಾರರು ಪಟ್ಟು ಹಿಡಿಯುವುದು, ಇವನ್ನು ನೋಡಿ ಕೋಣೆ ಹಾರಿಹೋಗುವಂತೆ ನಕ್ಕೆವು. ಆದರೆ ಚಿತ್ರದಲ್ಲಿ ಭಾಷಣ ಬಹಳ. ಮ್ಯಾನೇಜರ್, ಯೂನಿಯನ್ನಿನವ, ಕೆಲಸಗಾರ್ತಿ ಎಲ್ಲರೂ ಸರದಿಯಂತೆ ಕ್ಯಾಮರಾಕ್ಕೆ ಮುಖ ಕೊಟ್ಟು ಮಾತಾಡುತ್ತಾರೆ. ಮೂವರು ನಿದ್ದೆ ಹೋದರು. ಅದು ದಣಿವಿನಿಂದ ಮಾತ್ರ ಬಂದ ನಿದ್ದೆಯಲ್ಲ. ದೂರ ನಿಲ್ಲಿಸುವವನು ಕೈಗೆ ಎಟುಕದಷ್ಟು ದೂರ ನಿಲ್ಲಿಸಬಾರದು ಎಂಬುದು ನಮ್ಮ ಅಭಿಪ್ರಾಯ. ಕೆಲಸಗಾರರನ್ನು ಕುರಿತ ಚಿತ್ರವನ್ನು ಕೆಲಸಗಾರನೇ ನೋಡಲಾರದೆ ಹೋದರೆ ಯಾರಿಗಾಗಿ ಅದು?

ಇನ್ನು ನಮ್ಮ ದೇಶದ್ದು. 1971ರಲ್ಲಿ ಮೃಣಾಲ್ ಸೇನ್ ಮಾಡಿದ ‘ಇಂಟರ್‌ವ್ಯೂ’. ರಂಜಿತ್ ಎಂಬ ಕಲ್ಕತ್ತೆಯ ಹುಡುಗನಿಗೆ ವಿಲಾಯತಿ ಕಂಪನಿಯೊಂದರಲ್ಲಿ ದೊಡ್ಡ ಕೆಲಸ ಸಿಗುವಂತಿದೆ. ಒಂದೇ ನಿಬಂಧನೆ, ಸೂಟು ತೊಟ್ಟು ಹೋಗಬೇಕು. ಸೂಟು ಲಾಂಡ್ರಿಯಲ್ಲಿದೆ, ಲಾಂಡ್ರಿಯವರ ಮುಷ್ಕರ. ಇಡೀ ಚಿತ್ರ ಒಂದು ಸೂಟಿಗಾಗಿ ಅಲೆದಾಟ. ಅವನು ಟ್ರಾಮಿನಲ್ಲಿ ಹೋಗುವಾಗ ಪಕ್ಕದಲ್ಲೊಬ್ಬರು ಸಿನೇಮಾ ಪತ್ರಿಕೆ ಓದುತ್ತಿದ್ದಾರೆ. ಅದರಲ್ಲಿ ಇವನದೇ ಚಿತ್ರ! ಆಗ ಅವನು ನಮ್ಮ ಕಡೆ ತಿರುಗಿ ಹೇಳಿಬಿಡುತ್ತಾನೆ: ನನ್ನ ಹೆಸರು ರಂಜಿತ್ ಮಲ್ಲಿಕ್, ನಾನು ತಾರೆಯಲ್ಲ, ಮೃಣಾಲ್ ಸೇನ್ ಎಂಬವರು ಬೆಳಗಿನಿಂದ ಕ್ಯಾಮರಾ ಹಿಡಿಸಿಕೊಂಡು ನನ್ನ ಹಿಂದೆ ಓಡಾಡುತ್ತಿದ್ದಾರೆ. ಮನೆಯಲ್ಲಿರುವವರು ನನ್ನ ನಿಜವಾದ ತಾಯಿಯಲ್ಲ, ‘ಪಥೇರ್ ಪಾಂಚಾಲಿ’ಯಲ್ಲಿ ತಾಯಿಯಾಗಿದ್ದ ಕರುಣಾ ಬ್ಯಾನರ್ಜಿ. ಆದರೂ ನನ್ನ ತಾಪತ್ರಯ ಸುಳ್ಳಲ್ಲ.

ಇದನ್ನು ನಮಗೆ ಕನ್ನಡಿಸಿ ಹೇಳಿದವರು ಹೋಟೆಲಿನಲ್ಲಿ ರೊಟ್ಟಿ ತಟ್ಟುವ ಬಂಗಾಳದ ಗೆಳೆಯರು, ಹಿಂದಿಯೂ ಹೋಟೆಲು ಕನ್ನಡವೂ ಬೆರೆತ ಭಾಷೆಯಲ್ಲಿ. ಚಿತ್ರದ ನಡುವೆ ನಮ್ಮ ಹುಡುಗನೊಬ್ಬ ಬೇಸರದಿಂದ, “ಈ ಲಾಂಡ್ರಿಯವರು ಒಂದು ದಿನ ತಡೆದು ಸ್ಟ್ರೈಕ್ ಮಾಡಬಾರದಿತ್ತೇ, ಪಾಪ ಅವನ ಕೆಲಸ ಹೋಗುತ್ತದೆ” ಎಂದ. ಹಿಂದೆ ಕುಳಿತಿದ್ದ ಗಿರಣಿಯ ಹಿರಿಯರೊಬ್ಬರು ಅಷ್ಟು ಹೊತ್ತು ಸುಮ್ಮನಿದ್ದವರು, “1982ರಲ್ಲಿ ನಮಗೂ ಊರೆಲ್ಲ ಹಾಗೆಯೇ ಹೇಳಿತು” ಎಂದರು. ಚಿತ್ರವನ್ನು ಅಲ್ಲಿಗೇ ನಿಲ್ಲಿಸಿದೆವು. 1982ರ ಜನವರಿ 18ರಂದು ಮುಂಬಯಿಯ ಗಿರಣಿಗಳು ನಿಂತವು, ಎರಡೂವರೆ ಲಕ್ಷ ಮಂದಿ ಹೊರಗೆ ಬಂದರು. ಅವರಲ್ಲಿ ನಮ್ಮವರೂ ಎಷ್ಟೋ ಜನ. ಗಿರಣಿಯ ನೆಲದಲ್ಲಿ ಇಂದು ಗೋಪುರದಂಥ ಕಟ್ಟಡಗಳು, ಪೇಟೆಗಳು; ಅವುಗಳಲ್ಲೇ ನಾವು ಟಿಕೇಟು ಕೊಂಡು ಸಿನೇಮಾ ನೋಡುವುದು.

ಆ ಹುಡುಗನ ಮಾತಿನಲ್ಲಿ ಸ್ವಲ್ಪವೂ ಕೆಟ್ಟತನವಿಲ್ಲ. ಯಾರ ಜೊತೆ ಕ್ಯಾಮರಾ ನಡೆಯುತ್ತದೆಯೋ ಅವನ ಪಕ್ಷ ನಮ್ಮ ಪಕ್ಷ. ಲಾಂಡ್ರಿಯವರ ಮುಖ ಚಿತ್ರದಲ್ಲಿ ಬಂದದ್ದು ಎಷ್ಟು ಹೊತ್ತು? ಅವರ ಮನೆಯಲ್ಲಿ ಒಲೆ ಉರಿಯಿತೋ ಇಲ್ಲವೋ ನಾವು ಕಾಣೆವು. ಸಾವಿರ ಚಿತ್ರಗಳಲ್ಲಿ ಮುಷ್ಕರ ಎಂದರೆ ನಾಯಕನ ದಾರಿಗೆ ಬಿದ್ದ ಕಲ್ಲು. ಸೇನರು ಟ್ರಾಮಿನಲ್ಲಿ ನಾಯಕನನ್ನು ಕಥೆಯಿಂದ ಹೊರಗೆಳೆದು ನಿಲ್ಲಿಸಿದ್ದರಿಂದಲೇ, ಅವನ ಜೊತೆ ಓಡುತ್ತಿದ್ದ ನಮಗೂ ನಿಂತು ಉಸಿರು ಬಿಟ್ಟು ಆಚೀಚೆ ನೋಡಲು ಸಾಧ್ಯವಾಯಿತು. ಇಲ್ಲದಿದ್ದರೆ ಹಿರಿಯರ ಮಾತು ಬಾಯಿಂದ ಹೊರಡುತ್ತಿರಲಿಲ್ಲ. ಕೊನೆಗೆ ಹುಡುಗ ಪಂಚೆಯಲ್ಲೇ ಹೋಗಿ ಕೆಲಸ ಕಳೆದುಕೊಳ್ಳುತ್ತಾನೆ. ಆಮೇಲೆ ಕಾಣದ ಪ್ರೇಕ್ಷಕನೊಬ್ಬನ ದನಿ ಅವನನ್ನು ಪ್ರಶ್ನೆಮಾಡಿ ಮಾಡಿ ಕೆಣಕುತ್ತದೆ. ಅವನು ಅಂಗಡಿಯ ಗೊಂಬೆಯ ಮೈಮೇಲಿನ ಸೂಟನ್ನು ಕಿತ್ತುಹಾಕುತ್ತಾನೆ.

ಇಂಥ ಚಿತ್ರಗಳು ಎದೆಯನ್ನು ಒಣಗಿಸುತ್ತವೆ ಎಂಬ ದೂರನ್ನು ‘ಡಾಗ್‌ವಿಲ್’ ಸುಳ್ಳು ಮಾಡಿತು. 2003ರಲ್ಲಿ ಲಾರ್ಸ್ ಫಾನ್ ಟ್ರಿಯರ್ ಮಾಡಿದ್ದು, ಸುಮಾರು ಮೂರು ತಾಸು. ಊರು ಎಂದರೆ ಕಪ್ಪು ನೆಲದ ಮೇಲೆ ಸೀಮೆಸುಣ್ಣದ ಗೆರೆಗಳು. ಗೋಡೆಯಿಲ್ಲ, ಬಾಗಿಲಿಲ್ಲ, ಇಲ್ಲದ ಬಾಗಿಲನ್ನು ನಟರು ತಟ್ಟಿದರೆ ಸದ್ದು ಬರುತ್ತದೆ. ನಾಯಿಯೂ ಗೆರೆಯೇ. ಅಟ್ಟಿಸಿಕೊಂಡು ಬಂದ ಹೆಂಗಸೊಬ್ಬಳಿಗೆ ಊರು ಆಶ್ರಯ ಕೊಡುತ್ತದೆ, ಪ್ರತಿಯಾಗಿ ಮನೆಮನೆಗೆ ಒಂದಿಷ್ಟು ಕೆಲಸ. ಅವಳನ್ನು ಹಿಡಿದುಕೊಟ್ಟವರಿಗೆ ಬಹುಮಾನ ಎಂಬ ಸುದ್ದಿ ಬಂದಂತೆಲ್ಲ ಕೆಲಸ ಏರುತ್ತದೆ, ಕೂಲಿ ಇಳಿಯುತ್ತದೆ. ಕಾಗದಪತ್ರವಿಲ್ಲದೆ ಊರು ಬಿಟ್ಟು ಬಂದ ಹುಡುಗನನ್ನು ಅಡಿಗೆಮನೆಯಲ್ಲಿ ಮಲಗಿಸಿಕೊಂಡು ಪುಗಸಟ್ಟೆ ದುಡಿಸಿದ್ದನ್ನು ಕಂಡವರಿಗೆ ಇದರ ಲೆಕ್ಕ ಬೇಗ ತಿಳಿಯುತ್ತದೆ. ಒಂದು ಮನೆಯೊಳಗೆ ಅವಳ ಮೇಲೆ ಬಲಾತ್ಕಾರ ನಡೆಯುವಾಗ ಗೋಡೆಯಿಲ್ಲದ ಕಾರಣ ಇಡೀ ಊರು ತನ್ನ ಪಾಡಿಗೆ ಕೆಲಸ ಮಾಡುತ್ತಿರುವುದು ಹಿಂದೆ ಕಾಣುತ್ತದೆ. ನಿಜವಾದ ಗೋಡೆ ಇದ್ದಿದ್ದರೆ ನಾವು ಅವಳೊಬ್ಬಳನ್ನೇ ಕಾಣುತ್ತಿದ್ದೆವು. ಕೊನೆಗೆ ಅವಳ ಅಪ್ಪ ಬಂದೂಕಿನವರೊಡನೆ ಬಂದು ಊರನ್ನೇ ಸುಟ್ಟುಹಾಕುವಾಗ ನಮ್ಮಲ್ಲಿ ಇಬ್ಬರು ಚಪ್ಪಾಳೆ ತಟ್ಟಿದರು. ಸತ್ತವರಲ್ಲಿ ಮಕ್ಕಳೂ ಇದ್ದರು. ಚಪ್ಪಾಳೆ ಅರ್ಧಕ್ಕೆ ನಿಂತಿತು, ಆಮೇಲೆ ಬಹಳ ಹೊತ್ತು ಯಾರೂ ಮಾತಾಡಲಿಲ್ಲ.

ಹೀಗೆಂದು ಕ್ಯಾಮರಾ ಕಡೆ ತಿರುಗಿ ಮಾತಾಡಿದ್ದೆಲ್ಲ ಬ್ರೆಖ್ಟನ ಮಾರ್ಗ ಎಂದು ಬಗೆಯಬಾರದು. ಸಾಬೂನು ಮಾರುವವರೂ ಈಗ ನಮ್ಮ ಕಡೆ ತಿರುಗಿ ಕಣ್ಣು ಮಿಟುಕಿಸುತ್ತಾರೆ. 2016ರ ‘ಡೆಡ್‌ಪೂಲ್’ ಎಂಬ ಅಮೆರಿಕದ ಚಿತ್ರದಲ್ಲಿ ನಾಯಕ ಕೊಲ್ಲುತ್ತಾ ಕೊಲ್ಲುತ್ತಾ ನಮ್ಮೊಡನೆ ಹರಟುತ್ತಾನೆ. ಇದು ಸಿನೇಮಾ ಎಂದು ಅವನಿಗೂ ಗೊತ್ತು, ನಮಗೂ ಗೊತ್ತು. ನಕ್ಕು ಇನ್ನೂ ಆರಾಮವಾಗಿ ಒರಗಿಕೊಳ್ಳುತ್ತೇವೆ. ಕಥೆ ಕಡಿದ ಜಾಗದಲ್ಲಿ ಪ್ರಶ್ನೆ ಇಲ್ಲದಿದ್ದರೆ ಅದು ಬರೇ ಚಮತ್ಕಾರ.

ನಾವು ಇದನ್ನೆಲ್ಲ ಹೇಳುವುದಕ್ಕೆ ಕಾರಣ ಉಂಟು. ಹೋದ ಮಳೆಗಾಲದಲ್ಲಿ ಒಂದು ಹೋಟೆಲು ಮುಚ್ಚಿದ್ದು ನಿಮಗೆ ನೆನಪಿದೆ. ಇಪ್ಪತ್ತು, ಇಪ್ಪತ್ತೆರಡು ವರುಷ ದುಡಿದವರು ಬೀದಿಗೆ ಬಂದರು. ಕೊನೆಯ ದಿನ ಎಲ್ಲರೂ ಅತ್ತರು. ಗಿರಾಕಿಗಳು ಫೋಟೋ ತೆಗೆದುಕೊಂಡರು, ಹಳೆಯ ದೋಸೆಯ ರುಚಿಯನ್ನು ನೆನೆದು ಬರೆದರು. ಮಾಲಿಕರ ಕಣ್ಣಲ್ಲೂ ನೀರು ಬಂತು, ಅದು ಸುಳ್ಳೆಂದು ನಾವು ಹೇಳುವುದಿಲ್ಲ. ಸಿನೇಮಾದಂತೆಯೇ ಇತ್ತು. ಆ ಗದ್ದಲದಲ್ಲಿ ಗ್ರಾಚುಯಿಟಿಯ ಲೆಕ್ಕ ಕೇಳಿದವರು ಇಬ್ಬರೇ. ಅವರನ್ನು ಉಳಿದವರು, “ಇಂಥ ಹೊತ್ತಿನಲ್ಲಿ ಹಣದ ಮಾತೇ?” ಎಂದು ಗದರಿಸಿದರು. ಐದು ವರುಷ ಎಡೆಬಿಡದೆ ದುಡಿದವನಿಗೆ ವರುಷಕ್ಕೆ ಹದಿನೈದು ದಿನದ ಸಂಬಳದಂತೆ ಗ್ರಾಚುಯಿಟಿ ಕೊಡಬೇಕೆಂದು 1972ರ ಕಾನೂನು ಹೇಳಿತ್ತು. ಹೊಸ ಸಂಹಿತೆಗಳ ಹೆಸರಿನಲ್ಲಿ ಕಾನೂನಿನ ಪುಸ್ತಕ ಬದಲಾದರೂ ಆ ಹಕ್ಕು ಹೋಗಿಲ್ಲ. ಅರ್ಜಿಗಳು ಈಗ ಹೋಗಿವೆ. ಆರು ಮಂದಿಯ ಕೆಲಸದ ದಾಖಲೆ ಇನ್ನೂ ಸಿಕ್ಕಿಲ್ಲ. ಅವರ ಹಳೆಯ ಸಂಬಳದ ಚೀಟಿ, ಫೋಟೋ, ಹಬ್ಬದ ಬೋನಸ್ಸಿನ ಲಕೋಟೆ ಯಾರ ಟ್ರಂಕಿನಲ್ಲಾದರೂ ಇದ್ದರೆ ಕಾರ್ಯದರ್ಶಿಯವರಿಗೆ ತಲುಪಿಸಬೇಕು.

ಬರುವ ಸೋಮವಾರ ರಾತ್ರಿ ಹನ್ನೊಂದಕ್ಕೆ ‘ಇಂಟರ್‌ವ್ಯೂ’ ಚಿತ್ರವನ್ನು, ಅಂದು ಅರ್ಧಕ್ಕೆ ಎದ್ದು ಹೋದವರಿಗಾಗಿ, ಇನ್ನೊಮ್ಮೆ ಹಾಕುತ್ತೇವೆ. ಬಂಗಾಳದ ಗೆಳೆಯರು ಹೇಳಲು ಒಪ್ಪಿದ್ದಾರೆ. ಚಹಾ ಸಂಘದ್ದು, ಲೋಟ ತೊಳೆಯುವುದು ಅವರವರದು. ನಡುವೆ ಯಾರು ಬೇಕಾದರೂ ನಿಲ್ಲಿಸಿ ಮಾತಾಡಬಹುದು.